ಹಳೆ ಕೇಸು ಇದ್ದರೆ ಶಿಕ್ಷೆಯ ದಿನಕ್ಕೆ ತಯಾರಾಗುವುದು ಹೇಗೆ?

ವಿರಾಜಪೇಟೆಯಲ್ಲಿ ನಾನು ವಕೀಲರ ಗುಮಾಸ್ತನಾಗಿ 22 ವರ್ಷ ಆಯಿತು. ಕಣದಲ್ಲಿ ಕಾಫಿ ಒಣಗಲು ಶುರುವಾದರೆ ನಮಗೂ ಕೆಲಸ ಜಾಸ್ತಿ. ಕಾಫಿ ಕಳವು, ಮೆಣಸು ಕಳವು. ಮನೆಯವರು ಬಂದು ಕೇಳುವುದು ಒಂದೇ: "ಇವನ ಮೇಲೆ ಹಳೆ ಕೇಸಿದೆ, ಶಿಕ್ಷೆ ಜಾಸ್ತಿ ಆಗುತ್ತಾ?"

ನಾನು ತಿರುಗಿ ಕೇಳುತ್ತೇನೆ: ಬರೀ ಕೇಸಾ, ಶಿಕ್ಷೆನೂ ಆಗಿದೆಯಾ?

ತೋಟದ ಕೂಲಿಯವರ ಸಾಲು ಮನೆ, ಅಂದರೆ ಲೈನ್ ಮನೆಯ ಒಬ್ಬ ಹುಡುಗನ ಮೇಲೆ ಮೂರು ಹಳೆ ಕೇಸು ಅಂತ ಪೊಲೀಸರು ಬರೆದಿದ್ದರು. ತೀರ್ಪಿನ ನಕಲು ತೆಗೆಸಿದೆವು. ಒಂದು ಖುಲಾಸೆ. ಇನ್ನೊಂದು ಲೋಕ ಅದಾಲತ್‌ನಲ್ಲಿ ರಾಜಿ. ಕೋರ್ಟ್ ಒಪ್ಪಿದ ರಾಜಿ ಅಂದರೆ ಕಾನೂನಿನ ಲೆಕ್ಕದಲ್ಲಿ ಖುಲಾಸೆಯೇ. ಮೂರನೆಯದು ಕುಡಿದು ಬೈಕ್ ಓಡಿಸಿದ್ದು. "ಅದೇನಿಲ್ಲ ಅಣ್ಣ, ತಪ್ಪೊಪ್ಪಿ ದಂಡ ಕಟ್ಟಿ ಬಂದೆ" ಅಂದ. ಅಲ್ಲೇ ಎಡವುವುದು. ತಪ್ಪೊಪ್ಪಿ ದಂಡ ಕಟ್ಟಿದರೂ ಅದು ಶಿಕ್ಷೆಯೇ. ಮತ್ತೆ ಕುಡಿದು ಸಿಕ್ಕಿಬಿದ್ದರೆ ಜೈಲು 6 ತಿಂಗಳಲ್ಲ, 2 ವರ್ಷದವರೆಗೆ ಹೋಗಬಹುದು. ಆದರೆ ಕಾಫಿ ಕಳವಿನ ಕೇಸಿನಲ್ಲಿ ಅದರ ತೂಕ ಕಡಿಮೆ.

ಹಾಗಾಗಿ ಮೊದಲು ನಕಲು ಅರ್ಜಿ ಹಾಕಿ. ಕೇಸ್ ನಂಬರ್ ಮರೆತಿದ್ದರೆ ಕೋರ್ಟ್‌ಗಳ ಇ-ಕೋರ್ಟ್ಸ್ ವೆಬ್‌ಸೈಟ್‌ನಲ್ಲಿ ಹೆಸರು, ವರ್ಷ ಹಾಕಿ ಹುಡುಕಿ. ತಂದೆ ಹೆಸರು, ವಿಳಾಸ ತಾಳೆ ನೋಡಿ. ತೋಟಗಳಲ್ಲಿ ಒಂದೇ ಹೆಸರಿನವರು ಎಷ್ಟು ಜನ, ಅಲ್ವಾ? ಹಳೆ ಶಿಕ್ಷೆಯ ದಾಖಲೆ ತಂದರೆ ಸಾಲದು, ಆ ವ್ಯಕ್ತಿ ಇವನೇ ಅಂತಲೂ ಸರ್ಕಾರಿ ವಕೀಲರು ತೋರಿಸಬೇಕು.

ಆಮೇಲೆ ಹಳೆ ಶಿಕ್ಷೆ ಮತ್ತು ಹೊಸ ಕಳವಿನ ತಾರೀಖು ನೋಡಿ. ಹಳೆ ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂನಲ್ಲಿ ಮೊದಲ ಕಳವಿಗೆ 3 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಎರಡನೇ ಸಲಕ್ಕೆ ಕಡಿಮೆಯೆಂದರೂ 1 ವರ್ಷ, 5 ವರ್ಷದವರೆಗೆ ಕಠಿಣ ಸಜೆ, ಮೇಲೆ ದಂಡ. 13ನೇ ಕಲಂ ಇನ್ನೂ ಗಡಸು: 3 ವರ್ಷ ಅಥವಾ ಹೆಚ್ಚು ಜೈಲಿರುವ ಸ್ವತ್ತಿನ ಅಪರಾಧದಲ್ಲಿ ಒಮ್ಮೆ ಶಿಕ್ಷೆಯಾಗಿ, ಮತ್ತೆ ಅಂಥದ್ದೇ ಮಾಡಿದರೆ 10 ವರ್ಷ, ಜೀವಾವಧಿಯವರೆಗೂ ಹೋಗಬಹುದು. ಇದಕ್ಕೆ ಹೊಸ ಕಳವು ಹಳೆ ಶಿಕ್ಷೆಯ ನಂತರ ನಡೆದಿರಬೇಕು. ಹೆಚ್ಚಿನ ಶಿಕ್ಷೆ ಕೇಳುವುದಾದರೆ ಹಳೆ ಶಿಕ್ಷೆಯ ವಿವರ ಕೋರ್ಟ್ ಹೊರಿಸುವ ಆರೋಪದಲ್ಲೂ ಬರಬೇಕು. ಬಿಟ್ಟುಹೋಗಿದ್ದರೆ ಶಿಕ್ಷೆ ಹೇಳುವ ಮೊದಲು ಕೋರ್ಟ್ ಸೇರಿಸಬಹುದು. ಹಾಗಾಗಿ ಬರೆದಿಲ್ಲ ಅಂತ ಖುಷಿಪಡಬೇಡಿ.

ಅಪರಾಧಿ ಅಂತ ತೀರ್ಮಾನವಾದ ಮೇಲೆ ಶಿಕ್ಷೆಯ ಬಗ್ಗೆ ಏನು ಹೇಳ್ತೀರಿ ಅಂತ ಕೇಳುತ್ತಾರೆ. ನಮ್ಮವರು "ತಪ್ಪಾಯ್ತು ಸ್ವಾಮಿ" ಅಂತ ಕೈ ಮುಗಿದು ಸುಮ್ನೆ ನಿಲ್ಲುತ್ತಾರೆ. ಅದು ಸಾಲದು. ಹಳೆ ಶಿಕ್ಷೆಯಾಗಿ ಎಷ್ಟು ವರ್ಷವಾಯಿತು, ಅಪರಾಧ ಒಂದೇ ಬಗೆಯದಾ, ನಡುವೆ ಹೇಗೆ ಬದುಕಿದ, ಇವೆಲ್ಲ ಜಡ್ಜ್ ನೋಡುತ್ತಾರೆ. ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಸಂಬಳದ ಚೀಟಿ, ಮನೆಯ ಕಾಯಿಲೆಯ ಕಾಗದ, ಮಾಲೀಕರಿಗೆ ನಷ್ಟ ಕೊಟ್ಟಿದ್ದರೆ ರಸೀದಿ, ಎಲ್ಲ ತನ್ನಿ.

ಅಪರಾಧಿಯನ್ನು ಜೈಲಿಗೆ ಕಳಿಸದೆ ಬಿಡಲು ದಾರಿ ಕೊಡುವ 1958ರ ಪ್ರೊಬೇಷನ್ ಕಾಯ್ದೆಯನ್ನೂ ವಕೀಲರಿಗೆ ನೆನಪಿಸಿ. ಎಚ್ಚರಿಕೆ ಕೊಟ್ಟು ಬಿಡುವ 3ನೇ ಕಲಂ ಹಳೆ ಶಿಕ್ಷೆ ಇದ್ದವರಿಗೆ ಸಿಗುವುದಿಲ್ಲ. ಬಾಂಡ್ ಬರೆಸಿಕೊಂಡು ಬಿಡುವ 4ನೇ ಕಲಂನಲ್ಲಿ ಆ ಷರತ್ತಿಲ್ಲ.

ಇನ್ನೊಂದು ಮಾತು. ಹಳೆ ಶಿಕ್ಷೆಯನ್ನು ನಿಮ್ಮ ವಕೀಲರಿಂದಲೇ ಮುಚ್ಚಿಡಬೇಡಿ. ಆ ಹುಡುಗ ಬೈಕ್ ಕೇಸಿನಲ್ಲಿ ತಪ್ಪೊಪ್ಪಿ ದಂಡ ಕಟ್ಟಿದ್ದನ್ನು ಬಾಯಿಬಿಟ್ಟಿದ್ದು ಶಿಕ್ಷೆಯ ಹಿಂದಿನ ಸಂಜೆ, ನಾವು ಆಫೀಸಿಗೆ ಬೀಗ ಹಾಕುವಾಗ.