ಇಪ್ಪತ್ತು ಸೆಕೆಂಡಿನ ಚಾಳಿ

ಧ್ರುವಪ್ರಭೆ (ಅರೋರಾ), ಅಂದರೆ ಧ್ರುವಗಳ ಕಡೆಯ ಆಕಾಶದಲ್ಲಿ ರಾತ್ರಿ ಕುಣಿಯುವ ಬಣ್ಣದ ಬೆಳಕು, ಅದನ್ನು ಹಿಡಿಯಲು ಹೋಗಿ ಮೊದಲ ರಾತ್ರಿ ತೆಗೆದ ಸುಮಾರು 490 ಚಿತ್ರಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಂಡಿದ್ದೇನೆ. ಚೆನ್ನಾಗಿದೆ ಅಂತಲ್ಲ, ಅದೇ ತಪ್ಪನ್ನು ಮತ್ತೆ ಮಾಡಬಾರದು ಅಂತ. ಆಕಾಶಕ್ಕೆಲ್ಲ ಹಸಿರು ಸುಣ್ಣ ಬಳಿದ ಹಾಗಿದೆ. ನಟ್ಟನಡುವೆ ಸುತ್ತು ಸುತ್ತು ಉಂಗುರಗಳು. ಮರದ ದಿಮ್ಮಿ ಕುಯ್ದಾಗ ಕಾಣುತ್ತವಲ್ಲ, ಥೇಟ್ ಹಾಗೆ.

ಜಾಗ ಅಬಿಸ್ಕೊ. ಸ್ವೀಡನ್ನಿನ ಉತ್ತರದ ತುದಿ, ಆರ್ಕ್ಟಿಕ್ ವೃತ್ತದಿಂದ ಇನ್ನೂ 200 ಕಿಲೋಮೀಟರ್ ಮೇಲೆ. ಸ್ಟಾಕ್‌ಹೋಮ್‌ನಲ್ಲಿ ಸಂಜೆ ರೈಲು ಹತ್ತಿದರೆ ಮರುದಿನ ಮಧ್ಯಾಹ್ನದ ಹೊತ್ತಿಗೆ ಇಳಿಯಬಹುದು. ಧ್ರುವಪ್ರಭೆ ನೋಡಲು ಬೇರೆ ಊರುಗಳೂ ಇವೆ, ಆದರೆ ನಾನು ಅಬಿಸ್ಕೊ ಆರಿಸಿಕೊಂಡಿದ್ದು ಮೋಡದ ಲೆಕ್ಕ ಹಾಕಿ. ಆಗುಂಬೆಯಲ್ಲಿ ಸುರಿದು ಸುರಿದು ಬಯಲುಸೀಮೆಗೆ ಬರುವಷ್ಟರಲ್ಲಿ ಮೋಡ ಖಾಲಿಯಾಗುತ್ತದಲ್ಲ, ಅಲ್ಲಿಯೂ ಅದೇ ಕತೆ. ನಾರ್ವೆ ಕಡೆಯಿಂದ ಬರುವ ತೇವವನ್ನೆಲ್ಲ ಪಶ್ಚಿಮದ ಬೆಟ್ಟಗಳೇ ಹೀರಿಕೊಳ್ಳುತ್ತವೆ. ಹಾಗಾಗಿ ಟೋರ್ನೆಟ್ರೆಸ್ಕ್ ಅನ್ನುವ 70 ಕಿಲೋಮೀಟರ್ ಉದ್ದದ ಸರೋವರದ ಮೇಲೆ ಆಗಾಗ ಒಂದು ಬಟಾಬಯಲು ಆಕಾಶ ಸಿಗುತ್ತದೆ. ಮಾರ್ಚ್ ಮೊದಲ ವಾರ ಹೋದೆವು, ನಾನು ಮತ್ತು ಹೆಂಡತಿ. ಹಗಲು ರಾತ್ರಿ ಸಮ ಆಗುವ ಆಸುಪಾಸಿನಲ್ಲಿ ಭೂಮಿಯ ಕಾಂತಕ್ಷೇತ್ರದ ಗಲಾಟೆ ಸ್ವಲ್ಪ ಜಾಸ್ತಿ. ಅರ್ಧ ಚಂದ್ರನೂ ಇದ್ದ. ಬೆಟ್ಟಗಳ ಮೇಲಿನ ಹಿಮ ಕಾಣಲು ಅಷ್ಟು ಬೆಳಕು ಬೇಕು.

ತಪ್ಪು ಎಲ್ಲಿಂದ ಬಂತು ಅಂದರೆ, ಸಕಲೇಶಪುರದಿಂದ. ಅಲ್ಲಿ ನಮ್ಮ ಸಂಬಂಧಿಕರ ಕಾಫಿ ತೋಟದ ಕಣದಲ್ಲಿ ಕೂತು ನಾಲ್ಕೈದು ವರ್ಷ ಕ್ಷೀರಪಥದ ಟೈಮ್‌ಲ್ಯಾಪ್ಸ್ ಮಾಡಿದ್ದೇನೆ, ಅಂದರೆ ಬಿಟ್ಟು ಬಿಟ್ಟು ತೆಗೆದ ಚಿತ್ರಗಳನ್ನು ಜೋಡಿಸಿ ಓಡಿಸುವ ಸಿನಿಮಾ. ಕ್ಷೀರಪಥ ಸಾಧು ಪ್ರಾಣಿ. ಇಪ್ಪತ್ತು ಸೆಕೆಂಡ್ ಶಟರ್ ತೆರೆದಿಟ್ಟರೂ ಕೂತಲ್ಲೇ ಕೂತಿರುತ್ತದೆ. ಆ ಚಾಳಿಯಲ್ಲೇ ಅಬಿಸ್ಕೊದಲ್ಲೂ 20 ಸೆಕೆಂಡ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 1.8 ಇಟ್ಟು, 22 ಸೆಕೆಂಡಿಗೊಂದು ಚಿತ್ರ ಅಂತ ಹಾಕಿ ಬಿಟ್ಟೆ. ಧ್ರುವಪ್ರಭೆ ಕೂತಲ್ಲಿ ಕೂರುವುದಿಲ್ಲ. ಗಾಳಿಗೆ ಹಾರುವ ಸೀರೆ ಸೆರಗಿನ ಹಾಗೆ ಇಪ್ಪತ್ತು ಸೆಕೆಂಡಿನಲ್ಲಿ ಆಕಾಶದ ಈ ತುದಿಯಿಂದ ಆ ತುದಿಗೆ ಹೋಗಿ ಬಂದಿರುತ್ತದೆ. ಕಣ್ಣಿಗೆ ಕಾಣುವ ಕಂಬಗಳು, ಮಡಿಕೆಗಳು, ಎಲ್ಲ ಕಲಸಿ ಒಂದೇ ಹಸಿರು ಮಂಜು.

ಉಂಗುರಗಳ ವಿಷಯ ಬೇರೆ. ಅದು ಲೆನ್ಸ್ ಮುಂದೆ ಹಾಕಿದ್ದ ಯುವಿ ಫಿಲ್ಟರ್‌ನ ಕಿತಾಪತಿ. ಧ್ರುವಪ್ರಭೆಯ ಹಸಿರು ಹೆಚ್ಚುಕಡಿಮೆ ಒಂದೇ ತರಂಗಾಂತರದ ಬೆಳಕು, 557.7 ನ್ಯಾನೊಮೀಟರ್. ನೂರು ಕಿಲೋಮೀಟರ್‌ಗೂ ಮೇಲಿರುವ ಆಮ್ಲಜನಕದಿಂದ ಬರುತ್ತದೆ. ಫಿಲ್ಟರ್‌ನ ಗಾಜಿನ ಎರಡು ಮುಖಗಳೂ ಚಪ್ಪಟೆ. ಅವುಗಳ ನಡುವೆ ಈ ಬೆಳಕು ಹಿಂದೆ ಮುಂದೆ ಬಡಿದು, ಕೆಲವು ಕಡೆ ಒಂದಕ್ಕೊಂದು ಕೂಡಿ, ಕೆಲವು ಕಡೆ ಒಂದನ್ನೊಂದು ನುಂಗಿ, ಉಂಗುರ ಹುಟ್ಟಿಸುತ್ತದೆ. ನೂರೆಂಟು ತರಂಗಾಂತರ ಬೆರೆತ ಮಾಮೂಲಿ ಬೆಳಕಿನಲ್ಲಿ ಇದು ಕಾಣುವುದಿಲ್ಲ. ಅದಕ್ಕೇ ಸಕಲೇಶಪುರದಲ್ಲಿ ನನಗೆ ಗೊತ್ತೇ ಆಗಿರಲಿಲ್ಲ. ಆಮೇಲೆ ಸಾಫ್ಟ್‌ವೇರ್‌ನಲ್ಲಿ ತೆಗೆದರಾಯ್ತು ಅಂದುಕೊಳ್ಳಬೇಡಿ, ಆಗುವುದಿಲ್ಲ. ರೂಮಿನಿಂದ ಹೊರಡುವ ಮೊದಲೇ ಫಿಲ್ಟರ್ ಬಿಚ್ಚಿಡಿ. ಹೊರಗೆ ಚಳಿಗೆ ಬಿಗಿದುಕೊಂಡರೆ ಕೈಗವಸಿನ ಕೈಯಲ್ಲಿ ಬಿಚ್ಚಲು ಬರುವುದಿಲ್ಲ.

ಎರಡನೇ ರಾತ್ರಿ ತೆಳುಮೋಡ. ಒಳಗೆ ಕೂತು ಲೆಕ್ಕ ಹಾಕಿದೆ. ಈ ಲೆಕ್ಕವನ್ನು ಊರು ಬಿಡುವ ಮೊದಲೇ ಹಾಕಬೇಕಿತ್ತು. ಸಿನಿಮಾದ ಒಂದು ಸೆಕೆಂಡಿಗೆ 24 ಚಿತ್ರ. 22 ಸೆಕೆಂಡಿಗೊಂದು ಚಿತ್ರ ತೆಗೆದರೆ ಪರದೆಯ ಮೇಲಿನ ಒಂದು ಸೆಕೆಂಡಿನಲ್ಲಿ ಸುಮಾರು 9 ನಿಮಿಷದ ಆಕಾಶ ಓಡಿಹೋಗುತ್ತದೆ. ಅಷ್ಟು ವೇಗದಲ್ಲಿ ಧ್ರುವಪ್ರಭೆ ಧ್ರುವಪ್ರಭೆಯಾಗಿ ಉಳಿಯುವುದಿಲ್ಲ, ಕೆಟ್ಟುಹೋದ ಟ್ಯೂಬ್‌ಲೈಟ್ ಆಗುತ್ತದೆ. 5 ಸೆಕೆಂಡಿಗೊಂದು ತೆಗೆದರೆ ಒಂದು ಸೆಕೆಂಡಿಗೆ 2 ನಿಮಿಷ. ಇದು ಪರವಾಗಿಲ್ಲ. ಗಂಟೆಗೆ 720 ಚಿತ್ರ, 30 ಸೆಕೆಂಡಿನ ಸಿನಿಮಾ. ನನ್ನ ಕ್ಯಾಮೆರಾದ ರಾ ಫೈಲ್ (ಸಂಸ್ಕರಿಸದ ಮೂಲ ಚಿತ್ರ) ಒಂದೊಂದೂ 25 ಎಂಬಿ, ಅಂದರೆ ಗಂಟೆಗೆ 18 ಜಿಬಿ. ಕಾರ್ಡಿನಲ್ಲಿ ಜಾಗ ನೋಡಿಕೊಳ್ಳಿ.

ಹಾಗಾಗಿ ಮೂರನೇ ರಾತ್ರಿಗೆ ಶಟರ್ 3 ಸೆಕೆಂಡ್, ನಡುವೆ 2 ಸೆಕೆಂಡ್ ಬಿಡುವು. ಕ್ಯಾಮೆರಾದ ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಆಫ್. ಅದು ಆನ್ ಇದ್ದರೆ ಪ್ರತಿ ಚಿತ್ರದ ನಂತರ ಅಷ್ಟೇ ಹೊತ್ತು ಇನ್ನೊಂದು ಕಪ್ಪು ಚಿತ್ರ ತೆಗೆಯುತ್ತ ಕೂರುತ್ತದೆ, ಇಂಟರ್ವಲ್ ಲೆಕ್ಕವೆಲ್ಲ ಎಕ್ಕುಟ್ಟಿ ಹೋಗುತ್ತದೆ. ಬಣ್ಣವನ್ನು ಕ್ಯಾಮೆರಾ ತಾನೇ ಹೊಂದಿಸುವ ಆಟೋ ವೈಟ್ ಬ್ಯಾಲೆನ್ಸ್ ಕೂಡ ಬೇಡ, 3800 ಕೆಲ್ವಿನ್‌ಗೆ ಕಟ್ಟಿಹಾಕಿದೆ. ಫೋಕಸ್‌ಗೆ ಲೆನ್ಸ್ ಮೇಲಿನ ಅನಂತದ ಗುರುತನ್ನು ನಂಬಬೇಡಿ. ಲೈವ್ ವ್ಯೂನಲ್ಲಿ ಒಂದು ದೊಡ್ಡ ನಕ್ಷತ್ರವನ್ನು ಹತ್ತು ಪಟ್ಟು ಹಿಗ್ಗಿಸಿ, ಅದು ಸಾಸಿವೆಯಷ್ಟು ಚಿಕ್ಕದಾಗುವವರೆಗೆ ತಿರುಗಿಸಿ, ಆಮೇಲೆ ರಿಂಗ್ ಮೇಲೆ ಟೇಪ್ ಅಂಟಿಸಿ. ಟೇಪ್ ಅನ್ನೂ ಒಳಗೇ ತುಂಡು ಮಾಡಿ ಟ್ರೈಪಾಡ್ ಕಾಲಿಗೆ ಅಂಟಿಸಿಕೊಂಡು ಹೋಗಬೇಕು. ಮೈನಸ್ 22ರಲ್ಲಿ ಟೇಪಿನ ತುದಿ ಹುಡುಕುವುದಿದೆಯಲ್ಲ, ಶತ್ರುವಿಗೂ ಬೇಡ.

ಬ್ಯಾಟರಿ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ಉದ್ದ ಮಾಡುವುದಿಲ್ಲ. ಊರಲ್ಲಿ ಮೂರು ಗಂಟೆ ಬರುತ್ತಿದ್ದದ್ದು ಅಲ್ಲಿ ಐವತ್ತು ನಿಮಿಷ ಬಂತು. ಎರಡನ್ನು ಬನಿಯನ್ ಜೇಬಿನಲ್ಲಿ ಮೈಗೆ ತಾಗಿಸಿ ಇಟ್ಟುಕೊಂಡಿದ್ದೆ. ಹೆಚ್ಚು ಕಾಟ ಕೊಟ್ಟದ್ದು ಲೆನ್ಸ್ ಮೇಲೆ ಕೂರುವ ಹಿಮ. ಬಗ್ಗಿ ಸ್ಕ್ರೀನ್ ನೋಡುವಾಗ ಬಿಟ್ಟ ಉಸಿರೇ ಸಾಕು, ಗಾಜಿನ ಮೇಲೆ ಬೂದಿ ಎರಚಿದ ಹಾಗೆ ಹೆಪ್ಪುಗಟ್ಟುತ್ತದೆ. ಒರೆಸಿದರೆ ಇನ್ನೂ ರಾಡಿ. ಕೈ ಬೆಚ್ಚಗಾಗಲು ಮಾರುವ ಪುಟ್ಟ ಚೀಲಗಳು ಸಿಗುತ್ತವೆ, ಅಂಥ ಎರಡನ್ನು ಹಳೆಯ ಕಾಲುಚೀಲದ ತುಂಡಿನಲ್ಲಿಟ್ಟು ಲೆನ್ಸ್ ಸುತ್ತ ರಬ್ಬರ್ ಬ್ಯಾಂಡ್ ಹಾಕಿದೆ. ನೋಡಲು ಸುಟ್ಟಗಾಯಕ್ಕೆ ಪಟ್ಟಿ ಕಟ್ಟಿದ ಹಾಗಿತ್ತು. ಆದರೆ ನಾಲ್ಕು ಗಂಟೆ ಲೆನ್ಸ್ ಫಳಫಳ.

ಆ ರಾತ್ರಿ ಸರೋವರದ ಮಂಜುಗಡ್ಡೆಯ ಮೇಲೆ ನಿಂತು ಆಗ್ನೇಯಕ್ಕೆ ಕ್ಯಾಮೆರಾ ತಿರುಗಿಸಿದ್ದೆವು. ಅಲ್ಲಿ ಲಾಪ್‌ಪೋರ್ಟೆನ್ ಅನ್ನುವ ಕಣಿವೆ. ಎರಡು ಬೆಟ್ಟಗಳ ನಡುವೆ ಯಾರೋ ತೊಟ್ಟಿಲು ಕಟ್ಟಿದ ಹಾಗೆ ಕಾಣುತ್ತದೆ. ಹಿಮದಲ್ಲಿ ಟ್ರೈಪಾಡ್ ಹತ್ತೇ ನಿಮಿಷಕ್ಕೆ ಕುಸಿಯುತ್ತದೆ, ಚಿತ್ರದಲ್ಲಿ ಬೆಟ್ಟವೇ ಜಾರಿದ ಹಾಗಾಗುತ್ತದೆ. ಅದಕ್ಕೇ ಕಾಲಿನಿಂದ ಹಿಮ ಕೆದಕಿ ಗಟ್ಟಿ ಮಂಜುಗಡ್ಡೆಗೆ ಊರಿದೆ. ಕೆಳಗೆ ಮಂಜುಗಡ್ಡೆ ಆಗಾಗ ದೂರದ ಗುಡುಗಿನ ಹಾಗೆ ಗುಡುಗುತ್ತಿತ್ತು. ನನ್ನ ಎದೆ ಒಮ್ಮೆ ಧಸಕ್ ಅಂದಿದ್ದು ಸುಳ್ಳಲ್ಲ.

ಹತ್ತೂವರೆಗೆ ಒಂದು ತೆಳ್ಳನೆಯ ಹಸಿರು ಕಮಾನು ಬಂತು. ಒಂದು ಗಂಟೆ ಅಲ್ಲೇ ಇತ್ತು. ಹೆಂಡತಿ ಫೋನಿನಲ್ಲಿ, ಕಿರುನಾ ಅನ್ನುವ ಹತ್ತಿರದ ಪಟ್ಟಣದಲ್ಲಿ ಭೂಮಿಯ ಕಾಂತಕ್ಷೇತ್ರ ಅಳೆಯುವ ಕಾಂತಮಾಪಕದ ಗೆರೆ ನೋಡುತ್ತ ಕೂತಿದ್ದಳು. ಆ ಗೆರೆ ದಿಢೀರನೆ ಕೆಳಗೆ ಬಿದ್ದರೆ ಆಕಾಶ ಒಡೆಯುವ, ಅಂದರೆ ಕಮಾನು ಚದುರಿ ಕುಣಿಯತೊಡಗುವ ಹೊತ್ತು ಬಂತು ಅಂತ ಅರ್ಥ. ಕಾಂತಕ್ಷೇತ್ರದ ಗಲಾಟೆ ಎಷ್ಟು ಅಂತ ಆ್ಯಪ್‌ಗಳು ಹೇಳುವ ಕೆಪಿ ಅಂಕಿಗಿಂತ ಇದು ಮೇಲು. ಕೆಪಿ ಮೂರು ಗಂಟೆಗೊಂದು ಅಂಕಿ, ಅದೂ ಇಡೀ ಭೂಮಿಗೆ. ಅಬಿಸ್ಕೊದಲ್ಲಿ ಕೆಪಿ 2 ಇದ್ದರೂ ನೆತ್ತಿಯ ಮೇಲೆ ಕುಣಿಯುತ್ತದೆ.

“ರೀ, ಗೆರೆ ಬಿತ್ತು,” ಅಂದಳು. ನಾನು ಐಎಸ್‌ಒ 2500ರಿಂದ 1000ಕ್ಕೆ ಇಳಿಸಿ ಕೈ ತೆಗೆದೆ. ಎರಡು ನಿಮಿಷ ಆಗಿತ್ತೋ ಇಲ್ಲವೋ, ಕಮಾನಿನ ಪೂರ್ವದ ತುದಿ ಉರಿ ಹತ್ತಿದ ಹಾಗೆ ಬೆಳಗಿತು. ಆ ಬೆಳಕು ಪಶ್ಚಿಮಕ್ಕೆ ಓಡಿತು. ಕೆಳ ಅಂಚಿನಲ್ಲಿ ಗುಲಾಬಿ ಬಣ್ಣ, ಅದು ಸಾರಜನಕದ್ದು. ಹಿಮದ ಮೇಲೆ ನಮ್ಮ ನೆರಳು ಬಿತ್ತು. ಸ್ಕ್ರೀನ್ ನೋಡಿದರೆ ಹಿಸ್ಟೋಗ್ರಾಮ್‌ನ (ಚಿತ್ರದಲ್ಲಿ ಕಪ್ಪೆಷ್ಟು, ಬೆಳಕೆಷ್ಟು ಅಂತ ತೋರಿಸುವ ನಕ್ಷೆ) ಹಸಿರು ಗೆರೆ ಬಲಗಡೆಯ ಗೋಡೆಗೆ ಗುದ್ದುತ್ತಿದೆ, ಅಂದರೆ ಹಸಿರು ಅತಿಯಾಗಿದೆ. ಬೆಳಕಿನ ಒಟ್ಟು ಹಿಸ್ಟೋಗ್ರಾಮ್ ಮಾತ್ರ ‘ಎಲ್ಲ ಸರಿ’ ಅನ್ನುತ್ತಿತ್ತು. ನೋಡಬೇಕಾದ್ದು ಹಸಿರನ್ನೊಂದೇ. ಮತ್ತೆ ಕೈಹಾಕಿ ಐಎಸ್‌ಒ ಇಳಿಸಲೇ ಅಂತ ಆಸೆಯಾಯಿತು. ಹಾಕಲಿಲ್ಲ. ಅಲ್ಲಿ ಕೈಹಾಕಿದರೆ ಸಿನಿಮಾದಲ್ಲಿ ಬೆಟ್ಟ, ನಕ್ಷತ್ರ ಎಲ್ಲ ಒಮ್ಮೆಗೇ ಕಪ್ಪಾಗಿ ಜಿಗಿಯುತ್ತವೆ. ನಾಲ್ಕು ನಿಮಿಷ, ಐವತ್ತು ಚಿತ್ರ ಸ್ವಲ್ಪ ಸುಟ್ಟವು. ಪರದೆಯ ಮೇಲೆ ಎರಡು ಸೆಕೆಂಡು. ಪರವಾಗಿಲ್ಲ.

ರಾತ್ರಿ ಒಂದೂವರೆ ದಾಟಿದ ಮೇಲೆ ಇನ್ನೊಂದು ಆಟ. ಮಸುಕು ತೇಪೆಗಳು, ಕೆಲವು ಸೆಕೆಂಡಿಗೊಮ್ಮೆ ಹತ್ತಿ ಆರುತ್ತಿದ್ದವು. ಮನೆಗೆ ಬಂದು ಎಡಿಟ್ ಮಾಡುವಾಗ ಫ್ಲಿಕರ್ (ಚಿತ್ರದಿಂದ ಚಿತ್ರಕ್ಕೆ ಬೆಳಕಿನ ಏರಿಳಿತ) ತೆಗೆಯುವ ಟೂಲ್ ಓಡಿಸಿದೆ, ಕ್ಷೀರಪಥದ ಕಾಲದ ಅಭ್ಯಾಸ. ಅದು ಈ ಮಿಣುಕನ್ನೇ ದೋಷ ಅಂತ ತಿಳಿದು ಒರೆಸಿ ಹಾಕಿತು! ಶಟರ್, ಐಎಸ್‌ಒ, ಅಪರ್ಚರ್ ಎಲ್ಲ ಕಟ್ಟಿಹಾಕಿದ್ದಾಗ ಆ ಟೂಲ್ ಬೇಕಾಗಿಯೇ ಇಲ್ಲ. ಕ್ಯಾಮೆರಾ ಕಂಡ ಮಿಣುಕು ಆಕಾಶದ್ದೇ.

ಹಾಗಂತ ಇಪ್ಪತ್ತು ಸೆಕೆಂಡಿಗೆ ಎಲ್ಲೂ ಜಾಗವಿಲ್ಲ ಅಂತಲ್ಲ. 2024ರ ಮೇ 10ರ ರಾತ್ರಿಯ ದೊಡ್ಡ ಸೌರ ಬಿರುಗಾಳಿಗೆ ಲಡಾಖ್‌ನ ಹಾನ್ಲೆಯಲ್ಲೂ ಆಕಾಶ ಕೆಂಪಾಗಿತ್ತು. ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ಇರುವ ಜಾಗ ಅದು. ಅಷ್ಟು ದಕ್ಷಿಣಕ್ಕೆ ಕಾಣುವುದು 200 ಕಿಲೋಮೀಟರ್‌ಗೂ ಮೇಲಿನ ಕೆಂಪು ಮಾತ್ರ. ಆ ಕೆಂಪು ಮಹಾ ನಿಧಾನಿ. ಅಲ್ಲಿನ ಆಮ್ಲಜನಕದ ಪರಮಾಣು ಚೈತನ್ಯ ತುಂಬಿಕೊಂಡ ಮೇಲೆ ಬೆಳಕು ಬಿಡಲು ನೂರು ಸೆಕೆಂಡಿಗೂ ಜಾಸ್ತಿ ತೆಗೆದುಕೊಳ್ಳುತ್ತದೆ. ಹಸಿರಿಗೆ ಮುಕ್ಕಾಲು ಸೆಕೆಂಡ್ ಸಾಕು. ಹಾನ್ಲೆಗೆ ಹೋದರೆ ನನ್ನ ಹಳೆಯ ಚಾಳಿಯೇ ಸರಿ.

ಬೆಳಗಿನ ಜಾವ ಕ್ಯಾಮೆರಾವನ್ನು ಹೊರಗೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿಯಾಡದ ಹಾಗೆ ಮುಚ್ಚಿ ಒಳಗೆ ತಂದೆ. ಬೆಚ್ಚಗಿನ ಕೋಣೆಯ ತೇವವೆಲ್ಲ ಚೀಲದ ಹೊರಗೆ ಹನಿಯಾಯಿತು, ಕ್ಯಾಮೆರಾ ಒಣಗಿತ್ತು. ಕಾರ್ಡನ್ನು ಮಾತ್ರ ಮೊದಲೇ ತೆಗೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಎರಡು ಗಂಟೆ ಚೀಲ ನೋಡುತ್ತ ಕೂರಬೇಕು.

ಊರಿಗೆ ಹೋದಾಗ ಅಮ್ಮನಿಗೆ ಎರಡೂ ತೋರಿಸಿದೆ. ಒಂದು ನನ್ನ ಟೈಮ್‌ಲ್ಯಾಪ್ಸ್. ಇನ್ನೊಂದು, ಆಕಾಶ ಒಡೆದಾಗ ಹೆಂಡತಿ ಎರಡನೇ ಕ್ಯಾಮೆರಾ ಕೈಯಲ್ಲೇ ಹಿಡಿದು ತೆಗೆದ ನಲವತ್ತು ಸೆಕೆಂಡಿನ ವಿಡಿಯೊ. ಅಲ್ಲಾಡುತ್ತದೆ, ಕಾಳು ಕಾಳಾಗಿದೆ, ನಡುವೆ ನನ್ನ ಟೋಪಿ ಅಡ್ಡ ಬರುತ್ತದೆ. ಅಮ್ಮ ನನ್ನದನ್ನು ಒಮ್ಮೆ ನೋಡಿ “ಚೆನ್ನಾಗಿದೆ ಕಣೋ” ಅಂದರು. ಅವಳದನ್ನು ಮೂರು ಸಲ ಹಾಕಿಸಿಕೊಂಡರು. ಅದರಲ್ಲಿ ಅವಳು “ಅಯ್ಯೋ, ಕ್ಯಾಮೆರಾ ಬಿಡ್ರೀ, ಮೇಲೆ ನೋಡ್ರೀ!” ಅಂತ ಕೂಗುವುದು ಕೇಳಿಸುತ್ತದೆ.