ಐದನೇ ಪೆಟ್ಟಿಗೆಗೆ ರಾಣಿ ಕೊಟ್ಟ ಕತೆ

ಶಿರಸಿ ಕಡೆ ನಮ್ಮದು ಅಡಿಕೆ ತೋಟ. ತೋಟದ ಅಂಚಿನಲ್ಲಿ, ಬೆಟ್ಟದ ಬುಡಕ್ಕೆ 9 ತುಡುವೆ ಜೇನಿನ ಪೆಟ್ಟಿಗೆ ಇಟ್ಟಿದ್ದೇನೆ. ತುಡುವೆ ಎಂದರೆ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು. ಎಲ್ಲವಕ್ಕೂ ನಂಬರ್ ಬರೆದಿದ್ದೇನೆ. ಕೊಟ್ಟಿಗೆಯ ಹಿಂದಿರುವುದು ಐದನೇ ಪೆಟ್ಟಿಗೆ. ಅದಕ್ಕೆ ಹೊಸ ರಾಣಿ ಕೊಡಲು ಹೋಗಿ ಒಂದು ರಾಣಿಯನ್ನು ಕೊಂದೆ, ಎರಡನೆಯದನ್ನು ಉಳಿಸಿಕೊಂಡೆ.

ಜುಲೈ ಕೊನೆಯಲ್ಲಿ ಸಕ್ಕರೆ ಪಾಕ ಇಡಲು ಪೆಟ್ಟಿಗೆ ತೆರೆದಿದ್ದೆ. ಅಡಿಮಣೆಯಲ್ಲಿ ಮೇಣದ ಹುಳು ಬಿದ್ದಿತ್ತು. ಅದನ್ನು ಕೆರೆದು ತೆಗೆಯುವಷ್ಟರಲ್ಲಿ ಮಳೆ ಹನಿ ಶುರುವಾಯಿತು. ಗಡಿಬಿಡಿಯಲ್ಲಿ ಚೌಕಟ್ಟುಗಳನ್ನು ಒತ್ತಿ ಜೋಡಿಸಿ ಮುಚ್ಚಿಬಿಟ್ಟೆ. ಆ ಒತ್ತುವಿಕೆಯಲ್ಲೇ ರಾಣಿ ಸಿಕ್ಕಿಹಾಕಿಕೊಂಡಿರಬೇಕು. ಬೇರೆ ಕಾರಣ ನನಗೆ ಹೊಳೆಯುವುದಿಲ್ಲ.

ಆಗಸ್ಟ್ 14ಕ್ಕೆ ಮಳೆ ಸ್ವಲ್ಪ ಹೊಳವಾಯಿತು. ಬೇರೆ ಪೆಟ್ಟಿಗೆಗಳ ಜೇನುಹುಳಗಳು ಮುಟ್ಟಿದರೆ-ಮುನಿ ಗಿಡದ ಪರಾಗ ಕಾಲಿಗೆ ಮೆತ್ತಿಕೊಂಡು ಬರುತ್ತಿದ್ದವು. ಮಳೆಗಾಲದಲ್ಲಿ ನಮ್ಮ ಕಡೆ ಜೇನಿಗೆ ಅದೇ ದೊಡ್ಡ ಆಸರೆ. ಐದನೇ ಪೆಟ್ಟಿಗೆಯ ಬಾಗಿಲಲ್ಲಿ ಮಾತ್ರ ಹುಳಗಳು ಸುಮ್ನೆ ಓಡಾಡುತ್ತಿದ್ದವು. ಕಾಲಲ್ಲಿ ಪರಾಗ ಇಲ್ಲ. ಮುಚ್ಚಳ ತೆಗೆದರೆ ಸದ್ದೇ ಬೇರೆ. ರಾಣಿ ಇರುವ ಪೆಟ್ಟಿಗೆಗೆ ಒಂದು ಉಫ್ ಎಂದು ಊದಿದರೆ ಗುಂಯ್ ಎಂದು ಎದ್ದು ಕೂಡಲೇ ತಣ್ಣಗಾಗುತ್ತದೆ. ಇಲ್ಲಿ ಆ ಗುಂಯ್ ನಿಲ್ಲಲೇ ಇಲ್ಲ. ಒಂಥರಾ ಗೋಳಾಟದ ಹಾಗೆ ಎಳೆದುಕೊಂಡು ಹೋಯಿತು.

ಚೌಕಟ್ಟುಗಳಲ್ಲಿ ಹುಳಗಳು ಮೇಣದಿಂದ ಕಟ್ಟಿದ ಎರಿಗಳನ್ನು ಒಂದೊಂದಾಗಿ ಎತ್ತಿ ಬಿಸಿಲಿಗೆ ಹಿಡಿದು ನೋಡಿದೆ. ಮೊಟ್ಟೆ ಇಲ್ಲ. ಎಳೆ ಮರಿಯೂ ಇಲ್ಲ. ಮುಚ್ಚಿದ ಮರಿ ಕೋಶ ಅಲ್ಲಲ್ಲಿ ಇತ್ತು, ಅಷ್ಟೇ. ಮೊಟ್ಟೆ ಒಡೆದು ಮರಿಯಾಗಲು 3 ದಿನ ಬೇಕು. ಹಾಗಾಗಿ ಒಂದೇ ಒಂದು ಮೊಟ್ಟೆ ಕಂಡರೂ ಮೂರು ದಿನದ ಹಿಂದೆ ರಾಣಿ ಇದ್ದಳು ಎಂದು ಧೈರ್ಯ ಇಟ್ಟುಕೊಳ್ಳಬಹುದು. ನನಗೆ ಅದೂ ಸಿಗಲಿಲ್ಲ.

ಇದೇ ಡಿಸೆಂಬರ್ ಆಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಜೇನು ಪಾಲಾಗುವ, ಅಂದರೆ ಒಂದು ಕುಟುಂಬ ಎರಡಾಗುವ ಕಾಲ ಅದು. ಹುಳಗಳು ತಾವೇ ರಾಣಿ ಮಾಡಿಕೊಳ್ಳುತ್ತವೆ. ಅವಳು ಹೊರಗೆ ಹಾರಿ, ಗಂಡು ಹುಳಗಳ ಜತೆ ಕೂಡಿ ಬಂದು ಮೊಟ್ಟೆ ಇಡುತ್ತಾಳೆ. ಆದರೆ ಶ್ರಾವಣದ ಮಳೆಯಲ್ಲಿ ಗಂಡು ಹುಳ ಎಲ್ಲಿಂದ ಬರಬೇಕು? ಮೇವು ಕಡಿಮೆಯಾದ ಕೂಡಲೇ ಕೆಲಸಗಾರ ಹುಳಗಳೇ ಅವನ್ನು ಹೊರದಬ್ಬಿರುತ್ತವೆ. ಕೂಡದೆ ಉಳಿದ ರಾಣಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹೀಗೇ ಬಿಟ್ಟರೆ ಕೆಲಸಗಾರ ಹುಳಗಳೇ ಮೊಟ್ಟೆ ಇಡಲು ಶುರು ಮಾಡುತ್ತವೆ. ತುಡುವೆಯಲ್ಲಿ ಇದು ಬಹಳ ಬೇಗ ಆಗುತ್ತದೆ. ಆ ಮೊಟ್ಟೆಗಳಿಂದ ಬರುವುದು ಬರೀ ಗಂಡು. ಅಲ್ಲಿಗೆ ಆ ಪೆಟ್ಟಿಗೆಯ ಕತೆ ಮುಗಿದ ಹಾಗೆ. ಹಾಗಾಗಿ ಈಗಾಗಲೇ ಮೊಟ್ಟೆ ಇಡುತ್ತಿರುವ ರಾಣಿಯೇ ನನಗೆ ಬೇಕಿತ್ತು.

ಬೇರೆ ರಾಜ್ಯಗಳಲ್ಲಿ ಯುರೋಪಿಯನ್ ಜೇನಿನ ರಾಣಿಯನ್ನು ಬಿಡಿಯಾಗಿ ಮಾರುತ್ತಾರೆ. ಅದನ್ನು ತಂದು ತುಡುವೆ ಪೆಟ್ಟಿಗೆಗೆ ಹಾಕುವ ಹಾಗಿಲ್ಲ. ಎರಡರ ಜಾತಿಯೇ ಬೇರೆ. ತುಡುವೆ ರಾಣಿ ಬೇಕೆಂದರೆ ಪರಿಚಯದವರ ಹತ್ತಿರ ಕೇಳುವುದೇ ದಾರಿ. ಮೂರು ಕಿಲೋಮೀಟರ್ ದೂರದ ಗೆಳೆಯನ ಹತ್ತಿರ ಎರಡೇ ಎರಿಗೆ ಇಳಿದ ಸೊರಗಿದ ಕುಟುಂಬ ಒಂದಿತ್ತು. ಹೇಗೂ ಅದನ್ನು ಬೇರೆಯದಕ್ಕೆ ಸೇರಿಸಬೇಕೆಂದು ಅವನು ಯೋಚನೆ ಮಾಡುತ್ತಿದ್ದ. "ರಾಣಿ ತಗೊಂಡು ಹೋಗು ಮಾರಾಯ" ಎಂದ. ಬೆಂಕಿಪೊಟ್ಟಣದಲ್ಲಿ ಹಾಕಿ, ಅಂಗಿ ಜೇಬಿನಲ್ಲಿಟ್ಟುಕೊಂಡು ಬೈಕಿನಲ್ಲಿ ತಂದೆ. ಜೇಬು ಬೆಚ್ಚಗಿರುತ್ತದೆ, ಅಲ್ವಾ?

16ರ ಸಂಜೆ. ಎಲ್ಲ ಹುಳಕ್ಕೂ ತೆಳು ಸಕ್ಕರೆ ನೀರು ಚಿಮುಕಿಸಿದೆ, ರಾಣಿಗೂ ಎರಡು ಹನಿ. ಒಂದೇ ವಾಸನೆ ಆಗುತ್ತದೆ, ಒಂದನ್ನೊಂದು ನೆಕ್ಕುತ್ತಾ ಜಗಳ ಮರೆಯುತ್ತವೆ ಎಂದು ಕೇಳಿದ್ದೆ. ಕೆಲವರು ಈರುಳ್ಳಿ ರಸ ಸವರುತ್ತಾರೆ, ಕೆಲವರು ಗೋಧಿ ಹಿಟ್ಟು ಉದುರಿಸುತ್ತಾರೆ. ಎಲ್ಲದರ ಲೆಕ್ಕಾಚಾರ ಒಂದೇ. ಬೆಂಕಿಪೊಟ್ಟಣವನ್ನು ಎರಿಗಳ ಮೇಲಿಟ್ಟು ತೆರೆದೆ. ರಾಣಿ ಗಂಭೀರವಾಗಿ ಕೆಳಗಿಳಿದು ಹೋದಳು. ನಾನೂ ಖುಷಿಯಾಗಿ ಊಟಕ್ಕೆ ಹೋದೆ.

ಬೆಳಗ್ಗೆ ನೋಡಿದರೆ ಅಡಿಮಣೆಯ ಮೇಲೆ ನಿಂಬೆಹಣ್ಣಿನಷ್ಟು ದೊಡ್ಡ ಹುಳದ ಉಂಡೆ. ಉಂಡೆ ಕಟ್ಟಿವೆ ಎಂದರೆ ನಡುವೆ ರಾಣಿ ಇದ್ದಾಳೆಂದೇ ಅರ್ಥ. ಕಣಜದ ಹುಳು ಬಂದಾಗ ತುಡುವೆ ಮಾಡುವುದೂ ಇದನ್ನೇ. ಸುತ್ತಲೂ ಮುತ್ತಿ, ಮೈ ಅದುರಿಸಿ, ಒಳಗೆ 46 ಡಿಗ್ರಿ ಹತ್ತಿರ ಕಾವು ಏರಿಸಿ ಬೇಯಿಸುತ್ತವೆ. ಬೇಡದ ರಾಣಿಗೂ ಅದೇ ಶಿಕ್ಷೆ. ಕೈಯಿಂದ ಬಿಡಿಸಲು ಹೋಗಬಾರದು. ಉಂಡೆಯನ್ನು ಹಾಗೇ ಎತ್ತಿ ನೀರಿನ ಬಟ್ಟಲಿಗೆ ಹಾಕಿದೆ. ಹುಳಗಳು ಬಿಟ್ಟುಕೊಂಡವು. ರಾಣಿಯ ಕಾಲು ಸ್ವಲ್ಪ ಆಡುತ್ತಿತ್ತು. ಅಂಗೈಯಲ್ಲಿಟ್ಟು ಕಾವು ಕೊಟ್ಟೆ. ಪ್ರಯೋಜನವಾಗಲಿಲ್ಲ.

ನಮ್ಮ ಮೇಲಿನ ಮನೆ ಮಾವ ನಾನು ಹುಟ್ಟುವ ಮೊದಲಿಂದ ಜೇನು ಸಾಕಿದವರು. 1991-92ರಲ್ಲಿ ಜೇನಿನ ಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದ ಬಹುಪಾಲು ತುಡುವೆ ಕುಟುಂಬಗಳು ಸತ್ತವಲ್ಲ, ಆಗ ಅವರ ಪೆಟ್ಟಿಗೆಗಳೂ ಖಾಲಿಯಾಗಿದ್ದವು. ಆಮೇಲೆ ಕಾಡಿನಿಂದ ಒಂದೊಂದೇ ಹಿಡಿದು ತಂದು ಮತ್ತೆ ಕಟ್ಟಿದ್ದಾರೆ. ಅವರ ಹತ್ತಿರ ಹೋಗಿ ಎಲ್ಲ ಹೇಳಿದೆ. ರಾಣಿಯ ಬಗ್ಗೆ ಅವರು ಏನೂ ಕೇಳಲಿಲ್ಲ.

"ಪೆಟ್ಟಿಗೆಯಲ್ಲಿ ರಾಣಿ ಇಲ್ಲ ಅಂತ ನಿಂಗೆ ಯಾರು ಹೇಳಿದ್ದು?"

"ಮೊಟ್ಟೆ ಇಲ್ಲ ಮಾವ."

"ಮೊಟ್ಟೆ ಇಲ್ಲ ಅಂದ್ರೆ ಮೊಟ್ಟೆ ಇಲ್ಲ ಅಂತ ಅಷ್ಟೇ. ಅವಸರ ಮಾಡಡ ತಮಾ. ಮೊದ್ಲು ಅವನ್ನೇ ಕೇಳು."

ಹುಳಗಳನ್ನು ಕೇಳುವ ಉಪಾಯ ಹೀಗೆ. ಇನ್ನೊಂದು ಗಟ್ಟಿ ಪೆಟ್ಟಿಗೆಯಿಂದ ಮೊಟ್ಟೆ ಮತ್ತು ಎಳೆ ಮರಿ ಇರುವ ಒಂದು ಎರಿಯನ್ನು, ಹುಳ ಕೊಡವಿ, ತಂದು ಒಳಗಿಡಬೇಕು. ನಿಜವಾಗಿ ರಾಣಿ ಇಲ್ಲದಿದ್ದರೆ ಎರಡು ದಿನದೊಳಗೆ ಆ ಎರಿಯ ಮೈಮೇಲೆ ರಾಣಿ ಕೋಶ ಕಟ್ಟಲು ಶುರು ಮಾಡುತ್ತವೆ. ಕಟ್ಟದಿದ್ದರೆ ಒಳಗೆ ಯಾರೋ ಇದ್ದಾರೆ.

18ರ ಸಂಜೆ ಎರಡನೇ ಪೆಟ್ಟಿಗೆಯಿಂದ ಎರಿ ತಂದು ಇಟ್ಟೆ. 20ಕ್ಕೆ ತೆರೆದೆ. ಮರಿಗಳಿಗೆ ಚೆನ್ನಾಗಿ ಉಣಿಸುತ್ತಿದ್ದವು. ರಾಣಿ ಕೋಶ ಒಂದೂ ಇಲ್ಲ.

ಆಗ ಕೂತು ದಿನ ಎಣಿಸಿದೆ. ಜುಲೈ 31ಕ್ಕೆ ರಾಣಿ ಸತ್ತಳು ಎಂದಿಟ್ಟುಕೊಳ್ಳೋಣ. ರಾಣಿ ಹುಟ್ಟಲು ಮೊಟ್ಟೆಯಿಂದ ಲೆಕ್ಕ ಹಾಕಿದರೆ 15-16 ದಿನ. ಹುಳಗಳು ಆಗಷ್ಟೇ ಒಡೆದ ಮರಿಯನ್ನು ಆರಿಸಿಕೊಂಡಿದ್ದರೆ 12 ದಿನ ಸಾಕು. ಅಂದರೆ ಆಗಸ್ಟ್ 12ರ ಹೊತ್ತಿಗೆ ಹೊಸಬಳು ಹೊರಬಂದಾಗಿದೆ. ನಾನು 14ಕ್ಕೆ ತೆರೆದಾಗ ಅವಳು ಒಳಗೇ ಓಡಾಡಿಕೊಂಡಿದ್ದಳು! ಅವಳು ಹೊರಬಂದ ಕೋಶದ ಬುಡ ಎರಿಯ ಮೂಲೆಯಲ್ಲಿ ಇತ್ತು. ಅದನ್ನು ನಾನು ಹಳೇ ಮೇಣದ ಗಂಟು ಅಂದುಕೊಂಡು ದಾಟಿಸಿದ್ದೆ.

ಕೂಡದ ರಾಣಿಯನ್ನು ಹುಡುಕುವುದು ತಲೆನೋವಿನ ಕೆಲಸ. ಮೊಟ್ಟೆ ಇಡುವ ರಾಣಿಗೆ ಉದ್ದ ಹೊಟ್ಟೆ, ನಿಧಾನ ನಡಿಗೆ. ಇವಳು ಸಣ್ಣಗೆ, ಕೆಲಸಗಾರ ಹುಳಕ್ಕಿಂತ ಸ್ವಲ್ಪವೇ ಉದ್ದ. ಬೆಳಕು ಬಿದ್ದರೆ ಓಡುತ್ತಾಳೆ. ಹುಳಗಳೂ ಅವಳ ಸುತ್ತ ದರಬಾರು ಕಟ್ಟಿಕೊಂಡು ನಿಲ್ಲುವುದಿಲ್ಲ. ಹೊಗೆ ಹಾಕಿದರೆ ಇನ್ನೂ ಕಷ್ಟ, ಎಲ್ಲಾ ಕಲಸಿಹೋಗುತ್ತದೆ. 21ಕ್ಕೆ ಹೊಗೆ ಇಲ್ಲದೆ ಎರಡು ಸಲ ಎಲ್ಲ ಎರಿ ನೋಡಿದೆ. ಸಿಗಲಿಲ್ಲ. ಮೂರನೇ ಸಲ ಎರಿ ಬಿಟ್ಟು ಪೆಟ್ಟಿಗೆಯ ಒಳಗೋಡೆ ನೋಡಿದೆ. ಮೂಲೆಯಲ್ಲಿ ಹುಳದ ಗೊಂಚಲಿನಡಿ ಇದ್ದಳು. ತೆಗೆದೆ. ಅವಳ ತಪ್ಪೇನೂ ಇರಲಿಲ್ಲ ಪಾಪ, ಹುಟ್ಟಿದ ಕಾಲ ಸರಿ ಇರಲಿಲ್ಲ.

ಮರುದಿನ ಸಂಜೆ ನೋಡಿದರೆ ತಂದಿಟ್ಟ ಎರಿಯ ಮೇಲೆ ಮೂರು ರಾಣಿ ಕೋಶದ ಬುಡ ಎದ್ದಿದ್ದವು. ನಿನ್ನೆವರೆಗೆ ಒಂದೂ ಇಲ್ಲ, ಅವಳನ್ನು ತೆಗೆದ ಒಂದೇ ದಿನಕ್ಕೆ ಮೂರು. ಇದಕ್ಕಿಂತ ಸಾಕ್ಷಿ ಬೇಕಾ? ಮೂರನ್ನೂ ಮುರಿದು ಹಾಕಿದೆ.

ಮಾವ ಪ್ರತಿ ಮಳೆಗಾಲಕ್ಕೂ ಎರಡು ಎರಿಯ ಪುಟ್ಟ ಪೆಟ್ಟಿಗೆಯಲ್ಲಿ ಒಂದು ರಾಣಿಯನ್ನು ಹೆಚ್ಚಿಗೆ ಇಟ್ಟುಕೊಂಡಿರುತ್ತಾರೆ. ಅದನ್ನೇ ಕೊಟ್ಟರು. ಪಾಲಾಗುವ ಕಾಲದಲ್ಲಿ ಒಂದು ಕುಟುಂಬ ವಾಪಸ್ ಕೊಡಬೇಕೆಂದು ಮಾತಾಯಿತು.

ಈ ಸಲ ಪಂಜರ ಮಾಡಿದೆ. ತಂತಿ ಜಾಳಿಗೆಯನ್ನು ಹೆಬ್ಬೆರಳಿನಷ್ಟು ದಪ್ಪದ ಕೊಳವೆಯಾಗಿ ಸುತ್ತಿ, ಒಂದು ತುದಿ ಮಡಚಿ, ಇನ್ನೊಂದು ತುದಿಗೆ ತೂತಿರುವ ಬಿರಡೆ. ಜಾಳಿಗೆಯ ಕಣ್ಣು ಸಕ್ಕರೆ ಕಾಳು ದಾಟುವಷ್ಟು ಇರಲಿ. ಹುಳಗಳು ನಾಲಿಗೆ ಚಾಚಿ ರಾಣಿಗೆ ಉಣಿಸಬೇಕು, ಆದರೆ ಅವಳ ಕಾಲು ಹಿಡಿದು ಎಳೆಯಬಾರದು. ಜತೆಗೆ ಬಂದಿದ್ದ ಮಾವನ ಪೆಟ್ಟಿಗೆಯ ಹುಳಗಳನ್ನು ನಾನು ಒಳಗೆ ಬಿಡಲಿಲ್ಲ. ಪರಕೀಯರು ಜಾಸ್ತಿಯಾದಷ್ಟೂ ಜಗಳ ಜಾಸ್ತಿ. ತೂತಿಗೆ ಮೊದಲು ಬರೀ ಮೇಣ ತುಂಬಿದೆ. 22ರ ಕತ್ತಲಾಗುವ ಹೊತ್ತಿಗೆ, ಮರಿ ಇರುವ ಎರಿಗಳ ನಡುವೆ ಪಂಜರ ನೇತುಹಾಕಿದೆ. ಮರಿ ಇರುವಲ್ಲೇ ಯಾಕೆಂದರೆ ಅಲ್ಲಿ ಇರುವುದು ಎಳೆ ಹುಳಗಳು. ಹೊರಗೆ ಹಾರುವ ಹಳೇ ಹುಳಗಳಿಗಿಂತ ಅವು ಹೊಸ ರಾಣಿಯನ್ನು ಬೇಗ ಒಪ್ಪುತ್ತವೆ. ಒಂದು ಸಣ್ಣ ಬಟ್ಟಲು ಸಕ್ಕರೆ ಪಾಕವನ್ನೂ ಇಟ್ಟೆ, ಹೊರಗೆ ಒಂದು ಹನಿಯೂ ಚೆಲ್ಲದ ಹಾಗೆ. ಚೆಲ್ಲಿದರೆ ಪಕ್ಕದ ಪೆಟ್ಟಿಗೆಯವು ಲೂಟಿಗೆ ಬರುತ್ತವೆ.

ಆ ರಾತ್ರಿ ಪಂಜರದ ಮೇಲೆ ಹುಳಗಳು ಗಟ್ಟಿಯಾಗಿ ಕಚ್ಚಿ ಹಿಡಿದಿದ್ದವು. ಬೆರಳಿನಿಂದ ಸವರಿದರೂ ಬಿಡುತ್ತಿರಲಿಲ್ಲ, ಜಾಳಿಗೆಯನ್ನೇ ಕಡಿಯುತ್ತಿದ್ದವು. ಅಂದು ಬಿಟ್ಟಿದ್ದರೆ ಮತ್ತೊಂದು ಉಂಡೆ ಗ್ಯಾರಂಟಿ. 25ಕ್ಕೆ ನೋಡಿದೆ. ಈಗ ಸಡಿಲವಾಗಿ ಕೂತಿದ್ದವು. ಸವರಿದರೆ ಪಕ್ಕಕ್ಕೆ ಸರಿದವು. ಒಂದೆರಡು ಹುಳ ಜಾಳಿಗೆಯೊಳಗೆ ನಾಲಿಗೆ ಹಾಕಿ ಉಣಿಸುತ್ತಿದ್ದವು. ಅಷ್ಟಾದರೂ ಎರಿಯ ಮೇಲೆ ಮತ್ತೆ ಎರಡು ರಾಣಿ ಕೋಶ ಎಬ್ಬಿಸಿದ್ದವು, ಬಿಡಿ. ಪಂಜರದಲ್ಲಿ ರಾಣಿ ಇದ್ದರೂ ಅವು ಪೂರ್ತಿ ನಂಬುವುದಿಲ್ಲ. ಅವನ್ನೂ ಮುರಿದೆ. ಇದನ್ನು ಮರೆತಿದ್ದರೆ ಮೂರು ದಿನದ ಕಾಯುವಿಕೆ ನೀರುಪಾಲಾಗುತ್ತಿತ್ತು.

ಆಮೇಲೆ ತೂತಿನ ಮೇಣ ತೆಗೆದು ಸಕ್ಕರೆ ಹಿಟ್ಟು ತುಂಬಿದೆ. ಮನೆಯಲ್ಲೇ ಮಿಕ್ಸಿಗೆ ಹಾಕಿದ ಸಕ್ಕರೆ ಪುಡಿಗೆ ಜೇನು ಹಾಕಿ ಚಪಾತಿ ಹಿಟ್ಟಿನಷ್ಟು ಗಟ್ಟಿ ಕಲಸಿದ್ದು. ಅಂಗಡಿಯ ಐಸಿಂಗ್ ಸಕ್ಕರೆಯಲ್ಲಿ ಪಿಷ್ಟ ಬೆರೆಸಿರುತ್ತಾರೆ, ಬೇಡ. ಜೇನೂ ನಮ್ಮದೇ ರೋಗವಿಲ್ಲದ ಪೆಟ್ಟಿಗೆಯದಾಗಿರಬೇಕು. ಕಂಡವರ ಜೇನಿನ ಜತೆ ಕಾಯಿಲೆಯೂ ಬರಬಹುದು. ಮಳೆಗಾಲದಲ್ಲಿ ಈ ಹಿಟ್ಟು ತೇವ ಎಳೆದುಕೊಂಡು ಕರಗಿ ರಾಣಿಯ ಮೈಮೇಲೆ ಇಳಿಯುತ್ತದೆ. ಹಾಗಾಗಿ ಬೇಸಿಗೆಗಿಂತ ಇನ್ನಷ್ಟು ಗಟ್ಟಿ ಮಾಡಿದೆ. ಹುಳಗಳು ಅದನ್ನು ತಿಂದು ದಾರಿ ಮಾಡುವ ಹೊತ್ತಿಗೆ ರಾಣಿ ತಾನಾಗಿ ಹೊರಗೆ ನಡೆದು ಬರುತ್ತಾಳೆ.

ಆ ನಂತರದ ಒಂದು ವಾರ ನನಗೆ ಭಾರೀ ಕಷ್ಟದ್ದು. ಏನೂ ಮಾಡದೆ ಇರಬೇಕಿತ್ತು. ಈಗಷ್ಟೇ ಒಪ್ಪಿದ ರಾಣಿಯನ್ನು ಪೆಟ್ಟಿಗೆ ತೆರೆದ ಗಲಿಬಿಲಿಯಲ್ಲಿ ಮತ್ತೆ ಉಂಡೆ ಕಟ್ಟುವುದುಂಟು. ಅದೂ ಅಲ್ಲದೆ ತುಡುವೆಗೆ ಕಿರಿಕಿರಿ ಜಾಸ್ತಿಯಾದರೆ ಪೆಟ್ಟಿಗೆ ಬಿಟ್ಟೇ ಹೋಗುತ್ತದೆ. ದಿನಾ ಸಂಜೆ ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದೆ. ಮನೆಯವಳು "ಹೊಸ ಸೊಸೆ ಬಂದ ಮನೆ ಬಾಗಿಲಲ್ಲೂ ಯಾರೂ ಹೀಗೆ ಕೂರೂದಿಲ್ಲ" ಎಂದಳು. 28ಕ್ಕೆ ಒಂದು ಹುಳ ಕಾಲಿಗೆ ಪರಾಗ ಮೆತ್ತಿಕೊಂಡು ಒಳಗೆ ಹೋಯಿತು. 29ಕ್ಕೆ ಹತ್ತಾರು.

ಸೆಪ್ಟೆಂಬರ್ 2ಕ್ಕೆ ತೆರೆದೆ. ಊದಿದಾಗ ಗುಂಯ್ ಎಂದು ಎದ್ದು ಕೂಡಲೇ ತಣ್ಣಗಾಯಿತು. ನಡುವಿನ ಎರಿಯಲ್ಲಿ ಒಂದೊಂದು ಕೋಶಕ್ಕೆ ಒಂದೊಂದೇ ಮೊಟ್ಟೆ, ಬುಡದಲ್ಲಿ ನೆಟ್ಟಗೆ. ಕೆಲಸಗಾರ ಹುಳ ಇಟ್ಟದ್ದಾದರೆ ಒಂದೇ ಕೋಶದಲ್ಲಿ ನಾಲ್ಕೈದು, ಗೋಡೆಗೆ ಅಂಟಿಕೊಂಡು ಇರುತ್ತವೆ. ಇವು ರಾಣಿಯವೇ. ರಾಣಿಯನ್ನು ಹುಡುಕಲು ಹೋಗಲಿಲ್ಲ. ಪಂಜರ ತೆಗೆದು ಮುಚ್ಚಿದೆ.

ಡಿಸೆಂಬರಿನಲ್ಲಿ ಅದೇ ಪೆಟ್ಟಿಗೆ ಪಾಲಿಗೆ ಬಂತು. ಪಾಲು ಮಾಡಿ, ನಾಲ್ಕು ಎರಿಯ ಕುಟುಂಬವನ್ನು ಹೊತ್ತುಕೊಂಡು ಮಾವನ ಮನೆಗೆ ಹೋದೆ. ಅವರು ಪೆಟ್ಟಿಗೆಗೆ ಕಿವಿಯಿಟ್ಟು ಸ್ವಲ್ಪ ಹೊತ್ತು ಕೇಳಿದರು.

"ರಾಣಿ ಇದರಲ್ಲೇ ಬಂದಿದ್ದು ಹೌದಾ? ನೋಡಿದ್ಯಾ?"

ನಾನು ನೋಡಿರಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದಿಟ್ಟು, ಅಂಗಳದಲ್ಲೇ ಮುಚ್ಚಳ ಬಿಚ್ಚಿದೆ.