ಚರ್ಚಿನ ಎಲ್ಲ ಬೋಧನೆಯನ್ನೂ ಒಪ್ಪದವರು ತಮಗೊಂದು ಧರ್ಮಕೇಂದ್ರ ಹುಡುಕಿಕೊಳ್ಳುವುದು ಹೇಗೆ?

ನನ್ನ ತಮ್ಮ ಸಲಿಂಗಿ. ಅವನು ಅದನ್ನು ನನಗೆ ಹೇಳಿ ಮೂರು ವಾರವೂ ಆಗಿರಲಿಲ್ಲ, ನಾವು ಚಿಕ್ಕಂದಿನಿಂದ ಹೋಗುತ್ತಿದ್ದ ಕಥೋಲಿಕ ಚರ್ಚಿನಲ್ಲಿ ಅಂಥವರ ಬಗ್ಗೆ ಫಾದರ್ ಮಾಡಿದ ಒಂದು ಪ್ರಸಂಗ, ಅಂದರೆ ಪ್ರವಚನ, ಕೇಳಿದೆ. ಫಾದರ್ ಬೋಧನೆಯನ್ನಷ್ಟೇ ಹೇಳಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅವರು ಅಣಕಿಸಿದರು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಆಮೇಲೆ ಒಂದೂವರೆ ವರ್ಷ ನಾನು ಪೂಜೆಗೆ ಹೋಗಲಿಲ್ಲ. ಆದರೆ ಪೂಜೆಯಲ್ಲಿ ಸ್ವೀಕರಿಸುವ ಪರಮಪ್ರಸಾದ ಬಿಟ್ಟು ಬದುಕುವುದು ನನ್ನಿಂದ ಆಗಲಿಲ್ಲ. ಹಾಗಾಗಿ ಬೇರೆ ಕಡೆ ಹುಡುಕಲು ಶುರು ಮಾಡಿದೆ. ನಿಮಗೂ ಇಂಥ ಸ್ಥಿತಿ ಬಂದಿದ್ದರೆ, ನಾನು ಮಾಡಿದ್ದನ್ನು ಹೇಳುತ್ತೇನೆ.

ಮೊದಲ ಕೆಲಸ ಮನೆಯಲ್ಲೇ. ಒಂದು ಹಾಳೆ ತೆಗೆದುಕೊಂಡು ನೀವು ಏನನ್ನು ನಂಬುತ್ತೀರಿ ಎಂದು ಬರೆಯಿರಿ. ಪೂಜೆಯಲ್ಲಿ ನಮ್ಮ ನಂಬಿಕೆಯನ್ನು ಹೇಳಿಕೊಳ್ಳುವ ಪ್ರಾರ್ಥನೆಯಾದ ವಿಶ್ವಾಸಪ್ರಮಾಣವನ್ನು ಸಾಲು ಸಾಲಾಗಿ ಓದಿ, ಪ್ರತಿ ಸಾಲಿಗೂ ಹೌದಾ ಅಲ್ವಾ ಎಂದು ಕೇಳಿಕೊಳ್ಳಿ. ನನಗೆ ಎಲ್ಲದಕ್ಕೂ ಹೌದು ಎಂದೇ ಬಂತು. ಕ್ರಿಸ್ತನ ಪುನರುತ್ಥಾನವನ್ನು ನಂಬುವವಳು ನಾನು. ನನ್ನ ಜಗಳ ಇದ್ದದ್ದು ಬೇರೆ ಕಡೆ. ಸತ್ಯಗಳಲ್ಲೂ ಒಂದು ಶ್ರೇಣಿ ಇದೆ, ವಿಶ್ವಾಸದ ಬುಡಕ್ಕೆ ಎಲ್ಲವೂ ಒಂದೇ ರೀತಿ ಅಂಟಿಕೊಂಡಿಲ್ಲ ಎಂದು ಜಗತ್ತಿನ ಕಥೋಲಿಕ ಬಿಷಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆಯೇ 1964ರಲ್ಲಿ ಹೇಳಿದೆ. ಕೆಳಗಿನದನ್ನು ಬಿಟ್ಟುಬಿಡಿ ಎಂದು ಇದರ ಅರ್ಥವಲ್ಲ. ಆದರೂ ಅದನ್ನು ಓದಿದ ದಿನ ನನಗೆ ಉಸಿರು ಬಂದ ಹಾಗಾಯಿತು.

ಇನ್ನೊಂದು ಹಾಳೆಯಲ್ಲಿ ಒಪ್ಪದ ವಿಷಯಗಳನ್ನು ಬರೆಯಿರಿ. ಆಮೇಲೆ ಆ ಬೋಧನೆ ನಿಜವಾಗಿ ಏನು ಹೇಳುತ್ತದೆ ಎಂದು ಮೂಲದಲ್ಲೇ ಓದಿ. ಇದನ್ನು ದಯವಿಟ್ಟು ತಪ್ಪಿಸಬೇಡಿ. ಸಲಿಂಗಿಗಳನ್ನು ಗೌರವ, ಕರುಣೆ, ಸೂಕ್ಷ್ಮತೆಯಿಂದ ಬರಮಾಡಿಕೊಳ್ಳಬೇಕು ಎಂದು ಚರ್ಚಿನ ಬೋಧನೆಗಳ ಅಧಿಕೃತ ಗ್ರಂಥವಾದ ಧರ್ಮೋಪದೇಶದ 2358ನೇ ಪರಿಚ್ಛೇದ ಹೇಳುತ್ತದೆ. ಸಲಿಂಗ ಸಂಬಂಧ ತಪ್ಪು ಎನ್ನುವ ಅದರ ಹಿಂದಿನ ಪರಿಚ್ಛೇದವನ್ನು ನಾನು ಒಪ್ಪುವುದಿಲ್ಲ, ಅದು ಬೇರೆ ಮಾತು. ಆದರೆ ಅವತ್ತಿನ ಅಣಕ ಚರ್ಚಿನ ಬೋಧನೆಗೇ ವಿರುದ್ಧವಾಗಿತ್ತು. ನನ್ನನ್ನು ಹೊರಗೆ ಹಾಕಿದ್ದು ಬೋಧನೆಯಲ್ಲ, ಒಬ್ಬ ಮನುಷ್ಯನ ಮಾತು ಎಂದು ಗೊತ್ತಾಗಲು ನನಗೆ ಒಂದೂವರೆ ವರ್ಷ ಬೇಕಾಯಿತು.

ಕುಟುಂಬ ನಿಯಂತ್ರಣದ ವಿಷಯವೂ ಹೀಗೆಯೇ. ಎರಡನೇ ಹೆರಿಗೆಯಾದ ಮೇಲೆ, ಮತ್ತೆ ಬಸುರಿಯಾದರೆ ಜೀವಕ್ಕೆ ಅಪಾಯ ಎಂದು ಡಾಕ್ಟರ್ ಹೇಳಿದ್ದರು. ನಾನು, ನನ್ನ ಗಂಡ ಕೂತು ನಿರ್ಧಾರ ಮಾಡಿದೆವು. ಪೋಪ್ ಆರನೇ ಪೌಲರು 1968ರಲ್ಲಿ ಬರೆದ ‘ಹುಮಾನೆ ವೀತೆ’ ಪತ್ರವನ್ನು ನಾನು ಪೂರ್ತಿ ಓದಿದ್ದು ಆಮೇಲೆ. ಅದೇನೂ ಉದ್ದದ ಪತ್ರವಲ್ಲ. ಮದುವೆಯ ಪ್ರೀತಿಯ ಬಗ್ಗೆ ಅದರಲ್ಲಿರುವ ಮಾತುಗಳು ನನ್ನ ಮನಸ್ಸಿಗೆ ತಟ್ಟಿದವು. ಕೃತಕ ಗರ್ಭನಿರೋಧ ಕೂಡದು ಎಂಬ ತೀರ್ಮಾನವನ್ನು ಮಾತ್ರ ಒಪ್ಪಲಾಗಲಿಲ್ಲ. ಮನಸ್ಸಾಕ್ಷಿ ಖಚಿತವಾಗಿ ಹೇಳಿದ್ದನ್ನು ಪಾಲಿಸಬೇಕು ಎನ್ನುತ್ತದೆ ಧರ್ಮೋಪದೇಶದ 1790ನೇ ಪರಿಚ್ಛೇದ. ಮನಸ್ಸಾಕ್ಷಿಯೂ ತಪ್ಪಬಹುದು ಎನ್ನುವುದು ಅಲ್ಲೇ ಇದೆ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಬೇಕು. ಸುಮ್ನೆ ‘ನನ್ನ ಮನಸ್ಸು ಹೇಳಿತು’ ಎಂದರೆ ಸಾಲದು. ಓದಬೇಕು, ಪ್ರಾರ್ಥಿಸಬೇಕು, ತಿಳಿದವರನ್ನು ಕೇಳಬೇಕು.

ಈಗ ಹುಡುಕಾಟಕ್ಕೆ ಬರೋಣ. ಬೇರೆ ಚರ್ಚಿಗೆ ಹೋಗಲು ಯಾರ ಅಪ್ಪಣೆಯೂ ಬೇಡ. 1983ರ ಧರ್ಮಸಭೆಯ ಕಾನೂನಿನ ಪ್ರಕಾರ ಸಾಮಾನ್ಯವಾಗಿ ನೀವು ವಾಸ ಮಾಡುವ ಜಾಗದ ಧರ್ಮಕೇಂದ್ರವೇ (ಪ್ಯಾರಿಷ್) ನಿಮ್ಮದು. ಆದರೆ ಭಾನುವಾರದ ಪೂಜೆಯ ಕರ್ತವ್ಯವನ್ನು ಯಾವ ಕಥೋಲಿಕ ಪೂಜೆಯಲ್ಲಿ ಬೇಕಾದರೂ ತೀರಿಸಬಹುದು, ಹಿಂದಿನ ದಿನದ ಸಂಜೆಯ ಪೂಜೆಯೂ ಆಗುತ್ತದೆ. ಪಾಪನಿವೇದನೆಗೂ ನಿಮಗೆ ಬೇಕಾದ ಗುರುವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿದೆ. ಮದುವೆ, ಜ್ಞಾನಸ್ನಾನಕ್ಕೆ ಮಾತ್ರ ನಿಮ್ಮ ಜಾಗದ ಧರ್ಮಕೇಂದ್ರದ ಕಾಗದಪತ್ರ ಬೇಕಾಗಬಹುದು. ಹಾಗಾಗಿ ಅಲ್ಲಿ ಜಗಳ ಮಾಡಿ ಬಾಗಿಲು ಮುಚ್ಚಿಕೊಳ್ಳಬೇಡಿ.

ಒಂದೊಂದು ಕಡೆ ನಾಲ್ಕು ಭಾನುವಾರ ಹೋಗಿ. ಒಂದು ಪ್ರಸಂಗದಿಂದ ಏನೂ ಗೊತ್ತಾಗುವುದಿಲ್ಲ. ನಾನು ಪ್ರಸಂಗಕ್ಕಿಂತ ಜಾಸ್ತಿ ಕಿವಿ ಕೊಟ್ಟಿದ್ದು ವಿಶ್ವಾಸಿಗಳ ಪ್ರಾರ್ಥನೆಗೆ. ಯಾರಿಗಾಗಿ ಪ್ರಾರ್ಥಿಸುತ್ತಾರೆ? ಕೆಲಸ ಕಳೆದುಕೊಂಡವರು, ಜೈಲಿನಲ್ಲಿರುವವರು, ಒಡೆದ ಮನೆಗಳು ಅಲ್ಲಿ ಬರುತ್ತವೆಯಾ? ಆ ಹೊತ್ತಿನಲ್ಲಿ ಅಲ್ಲಿಲ್ಲದ ಜನರ ಬಗ್ಗೆ ಹೇಗೆ ಮಾತಾಡುತ್ತಾರೆ? ಪೂಜೆ ಮುಗಿದ ಮೇಲೆ ಒಂಟಿಯಾಗಿ ನಿಂತವರನ್ನು ಯಾರಾದರೂ ಮಾತಾಡಿಸುತ್ತಾರಾ?

ನನ್ನ ಅಭಿಪ್ರಾಯಗಳನ್ನೆಲ್ಲ ಒಪ್ಪುವ ಒಂದು ಚರ್ಚೂ ಸಿಕ್ಕಿತ್ತು. ಎರಡನೇ ವಾರ ಅಲ್ಲಿ ಜಪಮಾಲೆ ಹಿಡಿದು ಕೂರುವ ವಯಸ್ಸಾದವರನ್ನು ಹಗುರವಾಗಿ ಆಡಿಕೊಂಡರು. ನನ್ನ ಅಮ್ಮ ಅಂಥವಳೇ. ನನ್ನ ತಮ್ಮನನ್ನು ಕುಟ್ಟಿದ ಅದೇ ಕಲ್ಲು ಇದು ಅನ್ನಿಸಿತು. ಮತ್ತೆ ಅಲ್ಲಿಗೆ ಹೋಗಲಿಲ್ಲ.

ಒಂದು ಚರ್ಚ್ ಮನಸ್ಸಿಗೆ ಹಿಡಿಸಿದರೆ ಅಲ್ಲಿನ ಫಾದರ್ ಹತ್ತಿರ ಸಮಯ ಕೇಳಿಕೊಂಡು ಹೋಗಿ. ಪೂಜೆ ಮುಗಿದ ಗಡಿಬಿಡಿಯಲ್ಲಿ ಬಾಗಿಲ ಹತ್ತಿರ ನಿಲ್ಲಿಸಿ ಕೇಳುವ ವಿಷಯ ಅಲ್ಲ ಇದು. ‘ನೀವು ಉದಾರವಾದಿಯೇ?’ ಎಂದು ಕೇಳಬೇಡಿ, ಅವರನ್ನು ಮೂಲೆಗೆ ತಳ್ಳಿದ ಹಾಗಾಗುತ್ತದೆ. ನಿಮ್ಮ ಬದುಕಿನ ಪ್ರಶ್ನೆ ಕೇಳಿ. ನಾನು ಕೇಳಿದ್ದು ಇಷ್ಟೇ: ನನ್ನ ತಮ್ಮ ತನ್ನ ಸಂಗಾತಿಯ ಜೊತೆ ಪೂಜೆಗೆ ಬಂದರೆ ಏನಾಗುತ್ತದೆ? ಫಾದರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ಬೋಧನೆಯನ್ನು ಬದಲಾಯಿಸಲು ತನ್ನಿಂದ ಆಗುವುದಿಲ್ಲ, ಆದರೆ ಈ ಪೀಠದಿಂದ ಯಾರಿಗೂ ಅವಮಾನ ಆಗುವುದಿಲ್ಲ ಎಂದರು. ಆಮೇಲೆ ತಮ್ಮನ ಹೆಸರು ಕೇಳಿದರು. ನನಗೆ ಅಷ್ಟು ಸಾಕಾಯಿತು.

ವಿಚ್ಛೇದನವಾಗಿ ಮತ್ತೆ ಮದುವೆಯಾದವರು ಈ ಮಾತುಕತೆಯನ್ನು ಇನ್ನೂ ಬೇಗ ಮಾಡುವುದು ಒಳ್ಳೆಯದು. ಮೊದಲ ಮದುವೆ ಅಸಿಂಧು ಎಂದು ಘೋಷಿಸುವ ವಿಧಾನವನ್ನು ಪೋಪ್ ಫ್ರಾನ್ಸಿಸ್ 2015ರಲ್ಲಿ ಸರಳ ಮಾಡಿದರು. ಕುಟುಂಬದ ಬಗ್ಗೆ ಅವರೇ 2016ರಲ್ಲಿ ಬರೆದ ‘ಅಮೋರಿಸ್ ಲೆತೀತಿಯಾ’ದ ಎಂಟನೇ ಅಧ್ಯಾಯ ಇಂಥವರ ಜೊತೆಗೇ ನಡೆಯಬೇಕು, ಒಬ್ಬೊಬ್ಬರ ಸ್ಥಿತಿಯನ್ನೂ ಬೇರೆಯಾಗಿ ನೋಡಬೇಕು ಎನ್ನುತ್ತದೆ. ಅದನ್ನು ಎಲ್ಲ ಬಿಷಪರೂ ಒಂದೇ ರೀತಿ ಪಾಲಿಸುವುದಿಲ್ಲ, ಆದ್ದರಿಂದ ನೇರವಾಗಿ ಕೇಳಿಯೇ ತಿಳಿಯಬೇಕು.

ಸೇರಿದ ಮೇಲೆ ಏನಾದರೂ ಕೆಲಸ ಕೇಳಿ ತೆಗೆದುಕೊಳ್ಳಿ. ಹಿಂದಿನ ಬೆಂಚಿನಲ್ಲಿ ಕೂತು ತಪ್ಪು ಎಣಿಸುತ್ತಿದ್ದರೆ ಯಾವ ಚರ್ಚೂ ನಿಮ್ಮದಾಗುವುದಿಲ್ಲ. ನನ್ನನ್ನು ಮಕ್ಕಳಿಗೆ ಧರ್ಮೋಪದೇಶ ಕಲಿಸಲು ಕರೆದಿದ್ದರು. ಅಲ್ಲಿ ಚರ್ಚಿನ ಮಾತನ್ನೇ ಹೇಳಬೇಕು, ನನ್ನದನ್ನಲ್ಲ. ಅದು ನನ್ನಿಂದ ಪ್ರಾಮಾಣಿಕವಾಗಿ ಆಗುವುದಿಲ್ಲ ಎಂದು ಹೇಳಿ ಪೂಜೆಯಲ್ಲಿ ಬೈಬಲ್ ವಾಚನ ಓದುವ ಕೆಲಸ ತೆಗೆದುಕೊಂಡೆ. ಅಭಿಪ್ರಾಯ ಭೇದವನ್ನು ಗೌರವದಿಂದ ಗುರುಗಳಿಗೆ ತಿಳಿಸುವ ಹಕ್ಕು ಧರ್ಮಸಭೆಯ ಕಾನೂನಿನ 212ನೇ ವಿಧಿಯಲ್ಲೇ ಇದೆ. ಎರಡು ಸಲ ಪತ್ರ ಬರೆದಿದ್ದೇನೆ.

ಇನ್ನೊಂದು ಮಾತು. ನೋವು ತಿಂದವರನ್ನು ಮೊದಲ ವಾರವೇ ಕರೆದುಕೊಂಡು ಹೋಗಬೇಡಿ. ಮೊದಲು ನೀವೊಬ್ಬರೇ ಹೋಗಿ, ಜಾಗ ಹೇಗಿದೆ ನೋಡಿ. ನನ್ನ ತಮ್ಮ ಇನ್ನೂ ಬಂದಿಲ್ಲ. ನಾನೂ ಒತ್ತಾಯ ಮಾಡುವುದಿಲ್ಲ. ಪೂಜೆ ಎಷ್ಟು ಗಂಟೆಗೆ, ನಾನು ಯಾವ ಬೆಂಚಿನಲ್ಲಿ ಕೂರುತ್ತೇನೆ ಎಂದು ಮಾತ್ರ ಅವನಿಗೆ ಹೇಳಿದ್ದೇನೆ.